ಮೂರನೇ ಅಧ್ಯಾಯದ ಬೆನ್ನು

ಜುಲೈ 6, ಅಫಜಲಪುರ

ಮೂರನೇ ಅಧ್ಯಾಯದ ಇಂಗ್ಲಿಷ್ ಇವತ್ತು ಬಂತು. ಧಮ್ಮಪಾಲ ಸರ್ ಜೇವರ್ಗಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ನನ್ನ ಕಾದಂಬರಿಯ ಮೊದಲ ಮೂರು ಅಧ್ಯಾಯಗಳನ್ನು ಅನುವಾದಿಸಿಕೊಡಲು ಬೇಸಿಗೆಯಲ್ಲೇ ಒಪ್ಪಿದ್ದರು. ಕೇಳಿದಾಗಲೆಲ್ಲ, 'ಮಾಡಾಕತ್ತೇನ್ರಿ ಟೀಚರ. ನಿಮ್ಮ ವಾಕ್ಯ ಹುರಿದ ಕಡ್ಲಿ ಇದ್ದಂಗ ಅದಾವ. ಹಲ್ಲು ಹೋದೀತು ಅಂತ ಸಾವಕಾಶ ಅಗಿಯಾಕತ್ತೇನಿ' ಎನ್ನುತ್ತಿದ್ದರು. ಹೊಗಳಿಕೆಯೋ ದೂರೋ, ಕೇಳಲಿಲ್ಲ.

ಅನುವಾದವನ್ನು ಕನ್ನಡದ ಪಕ್ಕ ಇಟ್ಟು ಸಾಲು ಸಾಲು ಓದಿದೆ. ಒಂದು ವಾಕ್ಯ ಬಿಟ್ಟುಹೋಗಿತ್ತು. ಅದಿಲ್ಲದೆಯೇ ಚೆನ್ನಾಗಿತ್ತು. ಕನ್ನಡದಲ್ಲೂ ತೆಗೆದುಹಾಕಿದೆ.

ಕನ್ನಡದ ಇಬ್ಬರು ಪ್ರಕಾಶಕರು ಹಸ್ತಪ್ರತಿ ಇಟ್ಟುಕೊಂಡು ಸುಮ್ಮನಿದ್ದಾರೆ. ಏಜೆಂಟರಿಗೆ ಕಳಿಸುವ ಯೋಚನೆ ನನಗೆ ಬಂದದ್ದು ಅನುವಾದಿತ ಕಾದಂಬರಿಗಳ ಕೊನೆಯ ಪುಟಗಳಿಂದ. ಕೃತಜ್ಞತೆಯ ಪುಟವನ್ನೂ ನಾನು ಬಿಡದೆ ಓದುತ್ತೇನೆ. ಎಲ್ಲ ದೇಶದ ಲೇಖಕರೂ ಅಲ್ಲಿ ಒಬ್ಬ ಏಜೆಂಟನ್ನು ನೆನೆಯುತ್ತಾರೆ: ಹಸ್ತಪ್ರತಿಯನ್ನು ಮೊದಲು ನಂಬಿ, ಅದನ್ನು ಹಿಡಿದು ಪ್ರಕಾಶಕರ ಬಾಗಿಲು ತಟ್ಟಿದವರನ್ನು. ಕನ್ನಡದಲ್ಲಿ ಅಂಥವರಿಲ್ಲ. ದೆಹಲಿ, ಮುಂಬೈಗಳಲ್ಲಿ ಇದ್ದಾರೆ.

ಜುಲೈ 9

ಕಳಿಸಿದೆ. ದೆಹಲಿ, ಮುಂಬೈಯ ಕೆಲವು ಏಜೆಂಟರಿಗೆ ಮೂರು ಅಧ್ಯಾಯ, ಒಂದು ಪುಟದ ಸಾರಾಂಶ, ಒಂದು ಪತ್ರ. ಸಾರಾಂಶ ಬರೆಯುವುದು ಕಾದಂಬರಿ ಬರೆಯುವುದಕ್ಕಿಂತ ಕಷ್ಟವಾಯಿತು. ಕೊನೆಗೆ ಉಳಿದದ್ದು ಇಷ್ಟು: ಒಂದು ಸಣ್ಣ ಊರಿನಲ್ಲಿ, ತೀರಿಕೊಂಡ ಹೆಂಗಸರಿಗೆ ಗುಸಲ್ ಕೊಡುವ, ಅಂದರೆ ಮಣ್ಣಿಗೆ ಒಯ್ಯುವ ಮುಂಚಿನ ಸ್ನಾನ ಮಾಡಿಸುವ ಒಬ್ಬಳಿದ್ದಾಳೆ. ಮೂರನೇ ಅಧ್ಯಾಯದಲ್ಲಿ ಸತ್ತ ಎಳೆಯ ಸೊಸೆಯೊಬ್ಬಳ ಬೆನ್ನಿನ ಮೇಲೆ ಸುಟ್ಟ ಗುರುತು ನೋಡುತ್ತಾಳೆ. ಯಾರಿಗೂ ಹೇಳುವುದಿಲ್ಲ. ಕೊನೆಯ ಅಧ್ಯಾಯದಲ್ಲಿ, ವರ್ಷಗಳ ನಂತರ, ಆ ಹುಡುಗಿಯ ಮಗಳ ಎದುರು, ಇಡೀ ಓಣಿಯ ಎದುರು ಬಾಯಿ ಬಿಡುತ್ತಾಳೆ.

ಜುಲೈ 12

ಹವಳಗಾದ ಶಾಲೆಯಲ್ಲಿ ಬೀಜಗಣಿತ ಹೇಳಿಕೊಡುವಾಗ ಚೀಲದಲ್ಲಿ ಫೋನು ನಡುಗಿದಂತಾಯಿತು. ನಡುಗಿರಲಿಲ್ಲ. ಸಂಜೆ ಅಂಗಳದಲ್ಲಿ ನಿಂತು ಮತ್ತೆ ನೋಡುತ್ತಿದ್ದಾಗ ಮನೆ ಮಾಲಕಿ ಗುರುಬಾಯಿ ಕಟ್ಟೆಯ ಮೇಲಿಂದ ಕೂಗಿದರು.

'ಏನವಾ ಟೀಚರ, ಅದನ್ನ ಹಂಗ್ಯಾಕ ನೋಡಾಕತ್ತಿ? ವರಾ ಹುಡುಕ್ಯಾರೇನು?'

'ಇಲ್ರಿ ಅಮ್ಮಾ. ಒಂದು ಕಾಗದ ಬರೋದದ.'

'ಕಾಗದ ಬರೋದಿದ್ರ ಪೋಸ್ಟಿನಾಂವನ ದಾರಿ ನೋಡು. ಇದನ್ನೇನು ತಿಕ್ಕತಿ, ದೇವರ ಮುಂದಿನ ದೀಪದ ಸಮೆ ತಿಕ್ಕಿದಂಗ!'

ನಗು ಬಂತು. ನಕ್ಕ ಮೇಲೆ ಮತ್ತೆ ನೋಡಿದೆ.

ಜುಲೈ 23

ಮೊದಲ ಉತ್ತರ. ಸೌಜನ್ಯದ ನಾಲ್ಕು ವಾಕ್ಯ. 'ನಮ್ಮ ಪಟ್ಟಿಗೆ ಹೊಂದುವುದಿಲ್ಲ.' ಉಳಿದವರ ನಿಯಮ ಬೇರೆ: ಉತ್ತರ ಬಾರದಿದ್ದರೆ ಇಲ್ಲವೆಂದೇ ತಿಳಿಯಬೇಕಂತೆ. ಯಾವ ದಿನ ತಿಳಿಯಬೇಕು ಎಂಬುದನ್ನು ಬರೆದಿಲ್ಲ.

ಆಗಸ್ಟ್ 2

ಧಮ್ಮಪಾಲ ಸರ್ ಅಫಜಲಪುರಕ್ಕೆ ಯಾರದೋ ಮದುವೆಗೆ ಬಂದವರು ಇಲ್ಲಿಗೂ ಬಂದರು. ಗುರುಬಾಯಿ ಚಹಾ ಕೊಟ್ಟು, ಅವರನ್ನು ಮೇಲಿಂದ ಕೆಳಗೆ ನೋಡಿ, 'ಕಾಗದ ಇವರದs ಏನು?' ಎಂದು ನನ್ನ ಕಿವಿಯಲ್ಲಿ ಕೇಳಿದರು. ಅವರಿಗೆ ಹೆಂಡತಿ, ಎರಡು ಮಕ್ಕಳಿದ್ದಾರೆ ಎಂದು ಹೇಳಬೇಕಾಯಿತು.

ಅವರು ನನ್ನ ಪತ್ರ ಓದಿ ತಲೆ ಅಲ್ಲಾಡಿಸಿದರು.

'ಟೀಚರ, ಇದರಾಗ ಕಾದಂಬರಿ ಅದ, ನೀವs ಇಲ್ಲ. ಅವರು ಕೇಳೋದೇನು? ಈ ಕಥಿ ನೀವs ಯಾಕ ಬರೀಬೇಕಿತ್ತು ಅಂತ. ನಿಮ್ಮ ಸೋದರತ್ತಿ, ಫುಪ್ಪು, ಆಳಂದದಾಗ ಅದs ಕೆಲಸ ಮಾಡ್ತಾರಲ್ರಿ? ಅದನ್ನ ಬಿಟ್ಟು ಗಣಿತ ಟೀಚರ ಅಂತ ಬರದೀರಿ. ಗಣಿತ ಯಾರಿಗೆ ಬೇಕಾಗ್ಯದ?'

'ಫುಪ್ಪು ನನಗೆ ಯಾರ ಬಗ್ಗೆನೂ ಏನೂ ಹೇಳಿಲ್ರಿ ಸರ್.'

'ಹೇಳ್ಯಾರ ಅಂತ ಬರೀರಿ ಅನ್ನಾಕತ್ತಿಲ್ಲ. ಅದಾರ ಅಂತ ಬರೀರಿ.'

ಅವರು ಹೋದ ಮೇಲೆ ಒಂದು ವಾಕ್ಯ ಸೇರಿಸಿದೆ: 'ಈ ಕಥೆ ನಾಲ್ಕು ದಶಕಗಳಿಂದ ಗುಸಲ್ ಕೊಡುತ್ತಿರುವ ನನ್ನ ಸೋದರತ್ತೆ ವಜೀರುನ್ನಿಸಾ ಅವರ ಬದುಕಿನಿಂದ ಹುಟ್ಟಿದೆ.' ಸುಳ್ಳಲ್ಲ. ಆಕೆಯನ್ನು ನೋಡದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ದೆಹಲಿಯ ಇನ್ನೊಬ್ಬ ಏಜೆಂಟ್, ಭಾಟಿಯಾ ಎಂಬವರಿಗೆ ಕಳಿಸಿದೆ.

ಆಗಸ್ಟ್ 8

ಭಾಟಿಯಾ ಉತ್ತರ ಬರೆದಿದ್ದಾರೆ. ಮಾತಾಡಬೇಕಂತೆ.

ಆಗಸ್ಟ್ 10

ಮಾತಾಡಿದೆ. ನನ್ನ ಇಂಗ್ಲಿಷ್ ಸಾಕಾಯಿತು. ಆಕೆ ಮೆಲ್ಲನೆ, ತುಂಬ ಹತ್ತಿರದವರಂತೆ ಮಾತಾಡುತ್ತಾರೆ. ಅಕ್ಟೋಬರಿನಲ್ಲಿ ವಿದೇಶದ ಪುಸ್ತಕ ಮೇಳಕ್ಕೆ ಹೋಗುತ್ತಾರೆ. ನನ್ನ ಮೂರು ಅಧ್ಯಾಯಗಳನ್ನೂ ಸಾರಾಂಶವನ್ನೂ ಒಯ್ಯುತ್ತಾರೆ. ಪ್ರಕಾಶಕರು ಒಪ್ಪಿದರೆ ಪೂರ್ತಿ ಅನುವಾದ ಆಮೇಲೆ. ಆಕೆಗೆ ಬಹಳ ಹಿಡಿಸಿದ್ದು ಮೂರನೇ ಅಧ್ಯಾಯ.

'ಆ ಬೆನ್ನು,' ಎಂದರು. 'ಅದು ನಿಜವಲ್ಲವೇ? ನಿಮ್ಮ ಅತ್ತೆ ಕಂಡದ್ದು?'

ನಾನು ಸುಮ್ಮನಿದ್ದೆ. ಏನು ಹೇಳಬೇಕೆಂದು ಯೋಚಿಸುತ್ತಿದ್ದೆ, ಅಷ್ಟೇ. ಆಕೆ 'ಅರ್ಥವಾಯಿತು' ಎಂದು ದನಿ ತಗ್ಗಿಸಿದರು.

ಸಂಜೆ ಬಸ್ ನಿಲ್ದಾಣದವರೆಗೆ ಕಾರಣವಿಲ್ಲದೆ ನಡೆದು ಹೋಗಿ ಬಂದೆ.

ಸೆಪ್ಟೆಂಬರ್ 11

ಭಾಟಿಯಾ ಟಿಪ್ಪಣಿ ಕಳಿಸಿದ್ದಾರೆ. ಮೊದಲ ಎರಡು ಅಧ್ಯಾಯ ಹಾಗೇ ಇರಲಿ. ಮೂರನೆಯದರಲ್ಲಿ, 'ಮುಖ್ಯವಾದ ಜಾಗದಲ್ಲಿ ನೀವು ಬೇರೆ ಕಡೆ ನೋಡುತ್ತೀರಿ. ಕೈ ಏನು ಮಾಡುತ್ತದೆ? ನೀರು ಎಲ್ಲಿ ಬೀಳುತ್ತದೆ? ಮೈ ಹೇಗೆ ಕಾಣುತ್ತದೆ? ಅತ್ತೆಯನ್ನು ಕೇಳಿ.' ಜತೆಗೆ ಅತ್ತೆಯ ಒಂದು ಫೋಟೋ ಬೇಕು. ಅಕ್ಟೋಬರ್ ಮೊದಲ ವಾರದೊಳಗೆ.

ಆಕೆ ಸರಿಯಾಗಿ ಹಿಡಿದಿದ್ದಾರೆ. ನಾನು ಗುಸಲ್ ನೋಡಿಲ್ಲ. ಅಮ್ಮ ಹೋದಾಗ ನನಗೆ ಜ್ವರ, ಒಳಗೆ ಬಿಡಲಿಲ್ಲ. ಬರೆಯುವಾಗ ಆ ಜಾಗ ಬಂದಾಗಲೆಲ್ಲ ಕಿಟಕಿ, ಬೆಳಕು, ಹೊರಗಿನ ಬೇವಿನ ಮರ ಎಂದು ಬರೆದು ದಾಟಿದ್ದೇನೆ. ಒಳ್ಳೆಯ ಅನುವಾದಗಳಲ್ಲಿ ಹಾಗೆ ದಾಟುವುದನ್ನು ಓದಿ ಕಲಿತದ್ದು.

ಸೆಪ್ಟೆಂಬರ್ 21, ಆಳಂದ

ದಸರಾ ರಜೆ. ಬೆಳಗಿನ ಬಸ್ಸಿಗೆ ಬಂದೆ. ಮಳೆ ಬಿಡುತ್ತಿಲ್ಲ.

ಫುಪ್ಪು ಪಡಸಾಲೆಯಲ್ಲಿ ಮೊರದ ತುಂಬ ತೊಗರಿ ಹಾಕಿಕೊಂಡು ಆರಿಸುತ್ತಿದ್ದಳು. ನನ್ನನ್ನು ನೋಡಿ, 'ಇನ್ನೂ ಸೊರಗೀದಿ. ಅಫಜಲಪುರದಾಗ ರೊಟ್ಟಿ ಮಾಡೂದು ಬಿಟ್ಟಾರೇನು?' ಎಂದಳು. ಪಕ್ಕದ ಮನೆಯ ಖಾಸೀಂಬಿಯ ಸುದ್ದಿ ಕೇಳಿದೆ. ನಾನು ಸಣ್ಣವಳಿದ್ದಾಗ ನನ್ನನ್ನು 'ಕಿತಾಬಿ ಕೀಡಾ', ಪುಸ್ತಕದ ಹುಳ, ಎಂದು ಕರೆಯುತ್ತಿದ್ದ ಹೆಂಗಸು. ಈಗ ಎದ್ದು ಓಡಾಡುವುದಿಲ್ಲ. ಮಗ-ಸೊಸೆಯ ಹತ್ತಿರ ಇದ್ದಾಳೆ. ಮಗಳು ಖಮರ ಜೇವರ್ಗಿಯಲ್ಲಿ.

ಮಧ್ಯಾಹ್ನ ಊಟವಾದ ಮೇಲೆ ಕೇಳಿದೆ. ಗುಸಲ್ ಹೇಗೆ ಕೊಡುತ್ತೀ, ಮೊದಲಿನಿಂದ ಹೇಳು.

'ಯಾಕ, ಕಲಿಯಾಕ ಬಂದೀಯೇನು?'

'ಪುಸ್ತಕ ಬರದೀನಿ ಫುಪ್ಪು.'

'ಯಾರ ಮ್ಯಾಲೆ?'

'ಯಾರ ಮ್ಯಾಲೂ ಅಲ್ಲ. ಗುಸಲ್ ಕೊಡಾಕಿ ಮ್ಯಾಲೆ.'

'ಅಂದ್ರ ನನ್ನ ಮ್ಯಾಲೆ. ಈ ಓಣ್ಯಾಗ ಇನ್ಯಾರದಾರ?' ಸಿಟ್ಟಾದಂತೆ ಕಾಣಲಿಲ್ಲ. 'ಓದು. ಕೇಳೂಣು, ನಾ ಹ್ಯಾಂಗ ಅದೀನಿ.'

ಮೂರನೇ ಅಧ್ಯಾಯ ಓದಿದೆ. ಗಟ್ಟಿಯಾಗಿ ಓದುವುದು ಅದೇ ಮೊದಲು. ಫುಪ್ಪು ತೊಗರಿಯಲ್ಲಿ ಕಲ್ಲು ಹುಡುಕುತ್ತ ಕೇಳಿದಳು. ಹಂಡೆಯಿಂದ ಕುದಿಯುವ ನೀರು ತೋಡುವ ಜಾಗದಲ್ಲಿ ನಕ್ಕಳು. 'ಅಷ್ಟು ಸುಡೂ ನೀರು ಹಾಕಿದ್ರ ಸತ್ತಾಕಿ ಎದ್ದು ಕುಂದ್ರತಾಳ ಬೇ! ಉಗುರುಬೆಚ್ಚಗ ಇರಬೇಕು. ಮಣಿಕಟ್ಟಿನ ಮ್ಯಾಲೆ ಹಾಕ್ಕೊಂಡು ನೋಡ್ತೀವಿ, ಕೂಸಿಗೆ ನೋಡಿದಂಗ.' ಬರೆದುಕೊಂಡೆ.

ಬೆನ್ನು ಬಂತು. ಫುಪ್ಪುವಿನ ಕೈ ಮೊರದ ಮೇಲೆ ನಿಂತಿತು.

'ಯಾರು ಹೇಳಿದ್ರು ನಿನಗ ಇದು?'

'ಯಾರೂ ಇಲ್ಲ. ನಾನs ಹುಟ್ಟಿಸಿದ್ದು.'

'ನೀ ಹುಟ್ಟಿಸಿದ್ದು ಅಂತ ನೀ ಅಂತಿ. ಇಲ್ಲಿ ಎಷ್ಟು ಮನಿಯವರು ಇದು ನಮ್ಮ ಹುಡುಗಿದs ಅಂತಾರ, ಗೊತ್ತೇನು ನಿನಗ?'

ಅಂದವಳೇ, ಬಾಯಿ ಜಾರಿತೆಂಬಂತೆ, ಎರಡೂ ಕೆನ್ನೆಗೆ ಬೆರಳು ತಟ್ಟಿಕೊಂಡು 'ತೋಬಾ, ತೋಬಾ' ಎಂದಳು. ನಾನು ಬೇಕೆಂದೇ ಕಾಗದದ ಕಡೆ ನೋಡುತ್ತಿದ್ದೆ. ಆಮೇಲೆ ಮೆಲ್ಲಗೆ ಹೇಳಿದಳು: 'ನೋಡು ಮಿನಾಜ. ಗುಸಲ್ ಕೊಟ್ಟಾಕಿಗೆ ಕಂಡದ್ದೆಲ್ಲ ಅಮಾನತ, ನಂಬಿ ಕೈಯಾಗ ಇಟ್ಟದ್ದು. ಛಲೋದು ಕಂಡ್ರ ಹೇಳಬಹುದು. ಕೆಟ್ಟದ್ದು ಕಂಡ್ರ ಮಣ್ಣಿನ ಕೂಡ ಮುಚ್ಚಬೇಕು. ಅದಕ್ಕs ನನ್ನ ಒಳಗ ಕರೀತಾರ. ಈ ಪುಸ್ತಕ ಬಂದ ಮ್ಯಾಲೆ ವಜೀರುನ್ನಿಸಾ ಬಾಯಿ ಬಿಟ್ಟಾಳ ಅಂತಾರ. ನಾಳಿಗೆ ಯಾರು ಕರೀತಾರ? ಇಷ್ಟು ವರ್ಷ ತೊಳದಾಕಿ, ನಾ ಸತ್ರ ನನ್ನ ತೊಳಿಯಾಕರೆ ಬರ್ತಾರೇನು?'

ನಾನು ಕೇಳಬೇಕಾದ್ದನ್ನು ಕೇಳಿದೆ. 'ಆದ್ರ ಫುಪ್ಪು, ಸುಟ್ಟಿದ್ದು ಕಣ್ಣಿಲೆ ನೋಡಿ ಸುಮ್ಮನಿದ್ರ, ಸುಟ್ಟವರು ಉಳಕೊಂಡಂಗ ಆಗಲಿಲ್ಲೇನು?'

'ಮಯ್ಯತ್ ಮುಂದ, ಸತ್ತಾಕಿ ಮುಂದ ನಿಂತು ಕೇಳು ಇದನ್ನ. ತೊಗರಿ ಮುಂದ ಕುಂತು ಅಲ್ಲ.'

ಫೋಟೋದ ಮಾತು ತೆಗೆಯಲಿಲ್ಲ. ಭಾಟಿಯಾರ ಪತ್ರದಲ್ಲಿ ಆಕೆಯ ಹೆಸರು ಹಾಕಿದ್ದೇನೆ ಎಂಬುದನ್ನೂ.

ಸೆಪ್ಟೆಂಬರ್ 24

ಬರೆಯಲು ಕೂತೆ. ಹೆಸರು ಬದಲಿಸಿದರೆ? ಹೆಸರು ಮೊದಲೇ ಬೇರೆ. ಊರು ಬದಲಿಸಿದರೆ? ಫುಪ್ಪು ಇದ್ದಾಳಲ್ಲ ಪತ್ರದಲ್ಲಿ. ಬೆನ್ನನ್ನೇ ತೆಗೆದರೆ ಕಾದಂಬರಿ ಇಲ್ಲ. ಈ ಮೂರು ವಾಕ್ಯಗಳ ಸುತ್ತ ದಿನವಿಡೀ ತಿರುಗಿದೆ. ಫುಪ್ಪು ಮಾತ್ರ ಏನೂ ಆಗದವಳಂತೆ ಎರಡು ಸಲ ಚಹಾ ತಂದಿಟ್ಟು, 'ಬರಿ ಬರಿ, ಕಣ್ಣು ಹೋದ ಮ್ಯಾಲೆ ನನ್ನ ಕೂಡ ತೊಗರಿ ಆರಿಸಾಕ ಕುಂದ್ರುವಿಯಂತ' ಎಂದಳು.

ಭಾಟಿಯಾ: 'ಹೇಗೆ ನಡೆದಿದೆ? ಅತ್ತೆ ಮಾತಾಡಿದರೇ?'

ಉತ್ತರಿಸಿಲ್ಲ.

ಸೆಪ್ಟೆಂಬರ್ 27

ಖಾಸೀಂಬಿ ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡಳು. ಫುಪ್ಪುವಿನ ಜತೆ ಯಾವಾಗಲೂ ನೀರು ಹಾಕುವ ಫರಹತ ತವರಿಗೆಂದು ಹಿರೋಳ್ಳಿಗೆ ಹೋಗಿದ್ದಾಳೆ. ಹಳ್ಳ ಬಂದು ಬಸ್ಸಿಲ್ಲ. ಫುಪ್ಪು ಬಾಗಿಲಲ್ಲಿ ನಿಂತು ಹೇಳಿದಳು: 'ಮಿನಾಜ, ವುಜೂ ಮಾಡ್ಕೊಂಡು, ಕೈಕಾಲು ಮುಖ ತೊಳಕೊಂಡು ಬಾ. ಕೈ ಬೇಕಾಗ್ಯದ.'

ಆಗ ನನ್ನ ತಲೆಗೆ ಮೊದಲು ಬಂದದ್ದು ಮೂರನೇ ಅಧ್ಯಾಯ. ಅದನ್ನು ಬರೆಯದೆ ಬಿಟ್ಟರೆ ಈ ಪುಟಕ್ಕೆ ಅರ್ಥವಿಲ್ಲ.

ಮಧ್ಯಾಹ್ನ. ಮಣ್ಣು ಕೊಟ್ಟು ಬಂದರು.

ಹಿತ್ತಲಲ್ಲಿ ಸುತ್ತ ಸೀರೆ ಕಟ್ಟಿದ್ದರು. ಬಾರಿ ಗಿಡದ, ಅಂದರೆ ಬೋರೆಯ ಎಲೆ ಹಾಕಿ ಕುದಿಸಿದ ನೀರಿಗೆ ತಣ್ಣೀರು ಬೆರೆಸಿದ್ದು ನಾನು. ಫುಪ್ಪು ಮಣಿಕಟ್ಟು ಚಾಚಿದಳು, ಹಾಕಿದೆ. ಇನ್ನೊಂದು ಚೊಂಬು ತಣ್ಣೀರು ಎಂದಳು. ಕೈಗೆ ಬಟ್ಟೆಯ ಚೀಲ ಕಟ್ಟಿಕೊಂಡಳು. ಮೈಮೇಲೆ ಚಾದರ ಹಾಗೇ ಇರುತ್ತದೆ. ಅದರ ಕೆಳಗೆ ಕೈ ಆಡುತ್ತದೆ. ಬಲಭಾಗ ಮೊದಲು. ಕೊನೆಯ ನೀರಿಗೆ ಕರ್ಪೂರ. ಫುಪ್ಪು ಅಷ್ಟು ಹೊತ್ತೂ ಖಾಸೀಂಬಿಯ ಜತೆ ಮಾತಾಡುತ್ತಲೇ ಇದ್ದಳು, ಬದುಕಿದ್ದವಳ ಜತೆ ಆಡಿದಂತೆ: 'ಜರಾ ತಾಳು ಬುಬ್ಬು, ಆತು, ಆತು, ಈ ಕಡಿ ಹೊಳ್ಳು.' ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಪಕ್ಕಕ್ಕೆ ಹೊರಳಿಸಿದಾಗ ಭುಜ ಹಿಡಿಯಲು ಹೇಳಿದಳು. ಹಿಡಿದೆ. ಚಾದರ ಸರಿಯಿತು. ಫುಪ್ಪು ನನ್ನ ಮುಖ ನೋಡಿದಳು. ನೀರು ಹಾಕಿದೆ.

ಸೆಪ್ಟೆಂಬರ್ 28

ಖಮರ ಇವತ್ತು ಬಂದಳು. ಭೀಮೆಯ ನೀರು ರಸ್ತೆಗೆ ಬಂದು ನಿನ್ನೆ ಜೇವರ್ಗಿ ದಾಟುತ್ತಿದ್ದಂತೆಯೇ ಬಸ್ಸು ನಿಲ್ಲಿಸಿದ್ದರಂತೆ. ಅವಳಿಗಾಗಿ ಕಾಯೋಣವೆಂದು ಯಾರೋ ಅಂದಿದ್ದರು. ಮಗ ತಡಮಾಡಬಾರದು ಎಂದ.

ಕೂಗಾಟ ಇಲ್ಲಿಗೆ ಕೇಳುತ್ತಿತ್ತು. 'ಫೋನಿನಾಗ ಅಮ್ಮನ ಕೈಲೆ ಯಾಕ ಮಾತಾಡಿಸಲಿಲ್ಲ? ಮಲಗ್ಯಾಳ, ಮಲಗ್ಯಾಳ ಅಂತ ಎಷ್ಟು ದಿನ ಹೇಳೀರಿ?' ಆಮೇಲೆ ಅವಳು ನೇರ ನಮ್ಮ ಮನೆಗೆ ಬಂದು ಫುಪ್ಪುವಿನ ಎದುರು ಕೂತಳು.

'ಖಾಲಾ, ನಮ್ಮಮ್ಮ ಹ್ಯಾಂಗಿದ್ಳು?'

'ಮುಖದ ಮ್ಯಾಲೆ ನೂರ್ ಇತ್ತು ಬೇಟಾ. ಬೆಳಕ ಇದ್ದಂಗ ಇತ್ತು.'

'ಮುಖ ಬಿಡ್ರಿ.'

'ನೂರ್ ಇತ್ತು,' ಎಂದಳು ಫುಪ್ಪು. ಚಹಾ ಕೊಟ್ಟಳು. ಖಮರ ಕುಡಿಯಲಿಲ್ಲ.

ಸೆಪ್ಟೆಂಬರ್ 30

ಮೂರನೇ ಅಧ್ಯಾಯ ಈಗ ಬರೆಯಬಲ್ಲೆ. ಕೈ ಏನು ಮಾಡುತ್ತದೆ, ನೀರು ಎಲ್ಲಿ ಬೀಳುತ್ತದೆ, ಮೈ ಹೇಗೆ ಕಾಣುತ್ತದೆ. ಒಂದು ಗಂಟೆಯ ಕೆಲಸ. ಬೆಳಿಗ್ಗೆ ಕೂತೆ. ಸೂಜಿ ಹುಡುಕಿ ಹರಿದ ಚೀಲಕ್ಕೆ ಹೊಲಿಗೆ ಹಾಕಿದೆ. ಫುಪ್ಪುವಿನ ಪಾತ್ರೆಗಳನ್ನೆಲ್ಲ ತೊಳೆದೆ. ತೊಳೆದಿದ್ದವನ್ನೂ.

ಅಕ್ಟೋಬರ್ 3

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಆಳಂದದ ನಿಲ್ದಾಣಕ್ಕೆ ಖಮರ ನನ್ನ ಹಿಂದೆಯೇ ಬಂದಿದ್ದಾಳೆಂದು ಗೊತ್ತಿರಲಿಲ್ಲ. ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು. ನನಗಿಂತ ಸಣ್ಣವಳು. ಕೈಯಲ್ಲಿ ತಾಯಿಯ ಎರಡು ಸೀರೆಯ ಗಂಟು.

'ಮಿನಾಜ ಆಪಾ, ನೀವು ಓದಿದವರು. ಖಾಲಾ ಹಳೇ ಮಂದಿ, ಅವರು ಹೇಳಂಗಿಲ್ಲ. ನೀವರೆ ಹೇಳ್ರಿ.'

ಏನು ಎಂದು ಕೇಳಿದೆ. ಗೊತ್ತಿದ್ದೂ.

'ಅಮ್ಮನ ಬೆನ್ನು ಹ್ಯಾಂಗಿತ್ತು? ಹುಣ್ಣು ಬಿದ್ದಿದ್ವು ಅಂತ ಓಣ್ಯಾಗ ಒಬ್ರು ಅಂದ್ರು. ಹೊಳ್ಳಿಸಿ ಮಲಗಿಸೂರು ಯಾರೂ ಇರಲಿಲ್ಲಂತ. ನಾ ಜಗಳಾ ಮಾಡಂಗಿಲ್ರಿ. ಅಣ್ಣನ ಮನಿಗೆ ಮತ್ತ ಹೋಗಬೇಕೋ ಬ್ಯಾಡೋ, ಅಷ್ಟs ತಿಳಕೊಬೇಕಾಗ್ಯದ.'

ನನ್ನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಮಗಳು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಅವಳ ಕಣ್ಣು ಕೆಂಡ. ಇವಳ ಕಣ್ಣು ನಿದ್ದೆಗೆಟ್ಟಿತ್ತು, ಅಷ್ಟೇ. ಗಂಟಿನ ತುದಿಯನ್ನು ಬಿಚ್ಚುತ್ತ, ಕಟ್ಟುತ್ತ ಇದ್ದಳು.

'ನೀರು ಉಗುರುಬೆಚ್ಚಗಿತ್ತು,' ಎಂದೆ. 'ನಾನs ಬೆರೆಸಿದ್ದು. ಫುಪ್ಪು ಎರಡೆರಡು ಸಲ ನೋಡಿದಳು. ಬಾರಿ ಎಲಿ ಹಾಕಿದ್ವಿ, ಕರ್ಪೂರ ಹಾಕಿದ್ವಿ. ಫುಪ್ಪು ಅವರ ಕೂಡ ಮಾತಾಡಿಕೋತನs ತೊಳದಳು. ಬುಬ್ಬು, ಬುಬ್ಬು ಅಂತ.'

ಕಾದಳು. ಅಫಜಲಪುರದ ಬಸ್ಸು ಬಂದು ಜನ ಏರತೊಡಗಿದರು.

'ಮತ್ತ?'

'ಅಷ್ಟs.'

ಬಯ್ಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಖಮರ ನನ್ನ ಬಲಗೈ ಹಿಡಿದು, 'ನೀರು ಹಾಕಿದ ಕೈ ಇದs ಏನ್ರಿ?' ಎಂದು ಕೇಳಿ, ಅದನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಕಂಡಕ್ಟರ್ 'ಏರ್ರಿ ಅಕ್ಕಾರ, ಏರ್ರಿ' ಎಂದು ಕೂಗುತ್ತಿದ್ದ. ಅವಳು ಬಿಡುವವರೆಗೆ ನಾನು ಏಳಲಿಲ್ಲ.

ಅಕ್ಟೋಬರ್ 5, ಅಫಜಲಪುರ

ಭಾಟಿಯಾರಿಗೆ ಬರೆದೆ. ನನ್ನ ಪತ್ರದಲ್ಲಿ ಅತ್ತೆಯ ಬಗ್ಗೆ ಇರುವ ವಾಕ್ಯ ತೆಗೆಯಬೇಕು, ಆಕೆ ನನಗೆ ಏನನ್ನೂ ಹೇಳಿಲ್ಲ, ಬೆನ್ನು ನನ್ನ ಕಲ್ಪನೆ, ಫೋಟೋ ಇಲ್ಲ, ಮೂರನೇ ಅಧ್ಯಾಯದಲ್ಲಿ ನೀರಿನ ಬಿಸಿ ಮಾತ್ರ ತಿದ್ದಿದ್ದೇನೆ, ಕೊನೆಯ ಅಧ್ಯಾಯ ಸರಿಯಿಲ್ಲ, ಮತ್ತೆ ಬರೆಯಬೇಕು.

ಅರ್ಧ ಗಂಟೆಯೊಳಗೆ ಫೋನು ಮಾಡಿದರು. ಸಿಟ್ಟಿರಲಿಲ್ಲ. ದಣಿದಿದ್ದರು.

'ಕೊನೆಯಲ್ಲಿ ಅವಳು ಮಾತಾಡುವುದಕ್ಕೇ ನಾನು ಈ ಪುಸ್ತಕವನ್ನು ಒಯ್ಯುತ್ತಿದ್ದದ್ದು. ಅವಳು ಸುಮ್ಮನೇ ಉಳಿದರೆ ನಾನು ಅವರಿಗೆ ಏನು ಹೇಳಲಿ?'

'ನನಗೂ ತಿಳಿದಿಲ್ಲ,' ಎಂದೆ.

'ಹಾಗಾದರೆ ಈ ಸಲ ಆಗುವುದಿಲ್ಲ. ಮುಗಿದ ಮೇಲೆ ಕಳಿಸಿ. ನಾನು ಓದುತ್ತೇನೆ. ಮಾತು ಕೊಡುವುದಿಲ್ಲ, ಓದುತ್ತೇನೆ.'

ಧಮ್ಮಪಾಲ ಸರ್‌ಗೆ ಹೇಳಿದೆ. 'ಟೀಚರ, ಬಾಗಿಲ ತನಕ ಹೋಗಿ ಕೈಯಾರೆ ಚಿಲಕ ಹಾಕಿ ಬಂದ್ರಿ' ಎಂದರು. ಆಮೇಲೆ, 'ಹೊಸಾ ಅಧ್ಯಾಯ ಬರದ್ರ ಕಳಸ್ರಿ. ಹಲ್ಲು ಇನ್ನೂ ಅದಾವ' ಎಂದರು.

ಅಕ್ಟೋಬರ್ 9

ಕೊನೆಯ ಅಧ್ಯಾಯದಲ್ಲಿ ಅವಳು ಬಾಯಿ ಬಿಡುವ ಪುಟಗಳನ್ನು ತೆಗೆದೆ. ಓಣಿಯ ಜನರನ್ನೂ ತೆಗೆದೆ. ಈಗ ಇಬ್ಬರೇ ಉಳಿದಿದ್ದಾರೆ, ಒಂದು ಕಲ್ಲುಬೆಂಚು. ಮಗಳು ಕೇಳಿದಳು. ತೊಳೆದವಳು ನೀರು ಬೆಚ್ಚಗಿತ್ತು ಎಂದಳು. ಅಲ್ಲಿಗೆ ನಿಲ್ಲಿಸಲು ನೋಡಿದೆ.

ಹುಡುಗಿ ಎದ್ದು ಹೋಗುತ್ತಿಲ್ಲ. ಬಸ್ಸು ತರಿಸಿದೆ, ಮಳೆ ತರಿಸಿದೆ. ಕೂತೇ ಇದ್ದಾಳೆ. 'ಮತ್ತ?' ಎನ್ನುತ್ತಾಳೆ.